ಇಲಿಕಿವಿ ಹೆಡ್‌ಫೋನ್ ಆರಿಸಿದ್ದು

ನನ್ನ ಮೈದುನನಿಗೆ ಮನೆಯಲ್ಲಿ ಇಲಿಕಿವಿ ಎಂದೇ ಹೆಸರು. ಅತ್ತೆ ತೀರಿಕೊಂಡ ಮೇಲೆ, ಒಂಬತ್ತನೇ ವಯಸ್ಸಿನಲ್ಲಿ, ಒಂದು ಬಟ್ಟೆಗಂಟು ಹಿಡಿದುಕೊಂಡು ನಮ್ಮ ಮನೆಗೆ ಬಂದವನು. ಅವನ ಅಣ್ಣನ ಸೈಕಲ್ಲು ಬೀದಿಯ ತಿರುವಿಗೆ ಬಂದದ್ದು ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಹಾಲು ಉಕ್ಕುವ ಮುಂಚೆ ಪಾತ್ರೆಯ ಸದ್ದು ಬದಲಾಗುತ್ತದೆ ಎಂದು ನನಗೆ ಹೇಳಿಕೊಟ್ಟವನೂ ಅವನೇ. ಇವನ ಮುಂದೆ ಗುಟ್ಟು ಮಾತಾಡಬೇಡ ಕಣೆ, ಮನಸ್ಸಲ್ಲಿ ಅಂದುಕೊಂಡರೂ ಕೇಳಿಸಿಬಿಡುತ್ತದೆ ಎಂದು ನನ್ನ ಯಜಮಾನರು ನಗುತ್ತಿದ್ದರು.

ಆ ಕಿವಿಯೇ ಅವನಿಗೆ ಅನ್ನ ಕೊಟ್ಟಿತು. ಹಾಡು ಮುದ್ರಿಸುವ ಸ್ಟುಡಿಯೋದಲ್ಲಿ ವೈರು ಸುತ್ತಿಡುವ ಕೆಲಸಕ್ಕೆ ಸೇರಿದವನು ಮಿಕ್ಸಿಂಗ್ ಮಾಡುವವನಾದ. ಹಾಡುವವರು, ಕೊಳಲಿನವರು, ಡ್ರಮ್ಮಿನವರು ಎಲ್ಲರನ್ನೂ ಬೇರೆಬೇರೆಯಾಗಿ ಮುದ್ರಿಸಿಕೊಂಡಿರುತ್ತಾರಂತೆ. ಯಾರು ಎಷ್ಟು ಮುಂದೆ ನಿಲ್ಲಬೇಕು, ಯಾರು ಎಷ್ಟು ಹಿಂದೆ ಸರಿಯಬೇಕು ಎಂದು ಹದ ನೋಡಿ ಸೇರಿಸುವವನು ಇವನು. ಸ್ವಲ್ಪ ಹೆಚ್ಚಾದರೆ ಕಿವಿಗೆ ಚುಚ್ಚುತ್ತದೆ, ಕಡಿಮೆಯಾದರೆ ಸಪ್ಪೆ. ಇಪ್ಪತ್ತೆಂಟು ವರ್ಷ ದಿನಕ್ಕೆ ಹತ್ತು ಹನ್ನೆರಡು ಗಂಟೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೂತ.

ಈ ಬೇಸಿಗೆಯಲ್ಲಿ ಅವನು ಮಾಡಿದ ಎರಡು ಹಾಡುಗಳು ವಾಪಸ್ ಬಂದವು. 'ಸ', 'ಶ' ಬಂದ ಕಡೆಯೆಲ್ಲ ಸೂಜಿಯಿಂದ ತಿವಿದ ಹಾಗಿದೆ ಎಂದು ಕೇಳಿದವರು ಮುಖ ಹಿಂಡಿದರಂತೆ. ಸ್ಟುಡಿಯೋ ಮಾಲೀಕ ಕೆಟ್ಟವನಲ್ಲ. ಹಳೆಯ ಹೆಡ್‌ಫೋನ್ ಹಾಳಾಗಿರಬೇಕು, ದುಬಾರಿಯದೇ ಆಗಲಿ, ನಿನಗೆ ಬೇಕಾದದ್ದನ್ನು ನೀನೇ ಆರಿಸಿಕೊಂಡು ಬಾ, ಮುಂದಿನ ವಾರ ಬರುವ ಗಾಯಕಿಯ ಕೆಲಸ ಮಾತ್ರ ಸರಿಯಾಗಲಿ ಎಂದನಂತೆ. ಅದೂ ಕೆಟ್ಟರೆ ಆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಶನಿವಾರ ಬೆಳಿಗ್ಗೆ ನನ್ನ ಮನೆಗೆ ಬಂದು, ಹೆಡ್‌ಫೋನ್ ಆರಿಸಲು ನೀವೂ ಬರಬೇಕು ಎಂದ. ಬದನೆಕಾಯಿ ಆರಿಸುವುದಾದರೆ ಬರುತ್ತೇನಪ್ಪ, ಇದಕ್ಕೆ ನಾನ್ಯಾಕೆ ಎಂದೆ.

"ಕಲಿತ ಕಿವಿ ನಂದಿದೆ ಅತ್ತಿಗೆ. ಕಲೀದ ಕಿವಿ ಒಂದು ಬೇಕು."

"ನಾಲ್ಕನೇ ಕ್ಲಾಸಿಗೇ ಬಿಟ್ಟ ಕಿವಿ. ಅದಕ್ಕಿಂತ ಕಲೀದೇ ಇರೋದು ನಿಂಗೆ ಎಲ್ಲಿ ಸಿಗುತ್ತೆ, ನಡಿ."

ಅಷ್ಟರಲ್ಲಿ ಬಚ್ಚಲಿನಲ್ಲಿ ಬಟ್ಟೆ ಒಗೆಯುವ ಮೆಷಿನ್ನು ಕೆಲಸ ಮುಗಿಸಿ ಕೀಂ ಕೀಂ ಎಂದು ಕೂಗತೊಡಗಿತು. ಅದು ತೆಳುವಾದ ಸದ್ದು, ಆದರೂ ಪಕ್ಕದ ಮನೆಯವರು ಗೊಣಗುವಷ್ಟು. ಇವನು ಆ ಕಡೆ ತಿರುಗಲಿಲ್ಲ, ಹುಬ್ಬೂ ಅಲುಗಲಿಲ್ಲ. ಆಗ ಗಮನಿಸಿದೆ, ನಾನು ಮಾತಾಡುವಾಗ ಅವನು ನನ್ನ ಕಣ್ಣು ನೋಡುತ್ತಿರಲಿಲ್ಲ. ತುಟಿ ನೋಡುತ್ತಿದ್ದ.

ಆ ನೋಟ ನನಗೆ ಹೊಸದಲ್ಲ.

ನಮ್ಮ ಯಜಮಾನರು ಮಗ್ಗದ ಮಿಲ್ಲಿನಲ್ಲಿದ್ದರು. ನಾನೂ ಅಲ್ಲೇ ನೂಲು ಸುತ್ತುವ ಕಡೆ. ಮಗ್ಗಗಳ ಗದ್ದಲ ಅವರ ಕಿವಿಯನ್ನು ಒಂದೇ ಸಲಕ್ಕೆ ತಿನ್ನಲಿಲ್ಲ, ಗೆದ್ದಲು ಬಾಗಿಲು ತಿಂದ ಹಾಗೆ ತಿಂದಿತು. ಮೊದಲು, ಈ ಕಾಲದ ಜನ ಬಾಯೊಳಗೇ ಮಾತಾಡುತ್ತಾರೆ ಎಂದು ಬೈಯತೊಡಗಿದರು. ಆಮೇಲೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗತೊಡಗಿದರು. ಆಮೇಲೆ ತುಟಿ ನೋಡುವುದು. ಮೇಸ್ತ್ರಿಗೆ ಗೊತ್ತಾದರೆ ಮಗ್ಗದಿಂದ ತೆಗೆದು ಅಂಗಳ ಗುಡಿಸಲು ಹಾಕುತ್ತಿದ್ದ. ಆ ಅವಮಾನ ಬೇಡವೆಂದು ಎಂಟು ವರ್ಷ ನಾನು ಮುಚ್ಚಿಟ್ಟೆ. ಮೇಸ್ತ್ರಿ ಹೇಳಿದ್ದನ್ನು ದೂರದಿಂದಲೇ ಕೈಸನ್ನೆಯಲ್ಲಿ ದಾಟಿಸುತ್ತಿದ್ದೆ. ನೆಂಟರ ನಡುವೆ ಅವರ ಪಕ್ಕ ಬಿಡುತ್ತಿರಲಿಲ್ಲ. ಗಂಡನ ಬೆನ್ನು ಬಿಡದವಳು ಎಂದು ಹೆಂಗಸರು ಆಡಿಕೊಂಡರು, ಆಡಿಕೊಳ್ಳಲಿ ಎಂದು ಸುಮ್ಮನಿದ್ದೆ. ಒಂದು ಮಧ್ಯಾಹ್ನ ಮಿಲ್ಲಿನ ಅಂಗಳದಲ್ಲಿ ಹತ್ತಿಯ ಲಾರಿ ಹಾರ್ನ್ ಹಾಕುತ್ತಲೇ ಹಿಂದಕ್ಕೆ ಬಂತು. ಎಲ್ಲರೂ ಸರಿದರು, ಅವರು ಸರಿಯಲಿಲ್ಲ. ನಾನು ಒಳಗೆ ನೂಲು ಸುತ್ತುತ್ತಿದ್ದೆ. ಅಷ್ಟು ದೊಡ್ಡ ಹಾರ್ನು ಹೇಗೆ ಕೇಳಿಸಲಿಲ್ಲ ಎಂದು ಎಲ್ಲರೂ ಕೇಳಿದರು. ಏನೋ ಯೋಚನೆಯಲ್ಲಿದ್ದರು ಎಂದೆ. ಹೆಣದ ಮುಂದೆ ಕೂತು ಕೂಡ ಸುಳ್ಳನ್ನೇ ಹೇಳಿದೆ. ನಿಜ ಗೊತ್ತಿದ್ದವನು ಮನೆಯಲ್ಲೇ ಬೆಳೆದ ಇಲಿಕಿವಿ ಒಬ್ಬನೇ.

ಹೆಡ್‌ಫೋನ್ ಅಂಗಡಿ ಎರಡನೇ ಮಹಡಿಯಲ್ಲಿತ್ತು. ನೆಲಕ್ಕೂ ಗೋಡೆಗೂ ದಪ್ಪ ಬಟ್ಟೆ ಹೊದಿಸಿದ್ದರು. ಬಾಗಿಲು ಮುಚ್ಚಿದೊಡನೆ ಬೀದಿಯ ಸದ್ದೆಲ್ಲ ಸತ್ತುಹೋಯಿತು, ನನ್ನ ಉಸಿರು ನನಗೇ ಕೇಳಿಸಿತು. ಉದ್ದನೆಯ ಮೇಜಿನ ಮೇಲೆ ಮರದ ತಲೆಗಳು, ಕಣ್ಣಿಲ್ಲ ಮೂಗಿಲ್ಲ, ಪ್ರತಿ ತಲೆಗೂ ಒಂದೊಂದು ಹೆಡ್‌ಫೋನ್. ಅಂಗಡಿಯವಳು ಮೆತ್ತಗೆ ಮಾತಾಡುವ ಹೆಂಗಸು. ಇವನು ಅವಳ ತುಟಿಗೆ ಕಣ್ಣು ನೆಟ್ಟದ್ದನ್ನು ತಪ್ಪು ತಿಳಿದು ಸೆರಗು ಸರಿಮಾಡಿಕೊಂಡಳು.

ಒಂದೇ ಯಂತ್ರಕ್ಕೆ ಒಂದೇ ಬಗೆಯ ಎರಡು ಹೆಡ್‌ಫೋನ್ ಸಿಕ್ಕಿಸಿ ಒಂದನ್ನು ನನಗೆ ಕೊಟ್ಟಳು, ಇನ್ನೊಂದನ್ನು ಅವನಿಗೆ. ಪರೀಕ್ಷೆಗೆ ಅವನು ಯಾವಾಗಲೂ ತನ್ನದೇ ಹಳೆಯ ಹಾಡೊಂದನ್ನು ಹಾಕಿಸುತ್ತಾನೆ, ಅವನು ಮೊದಲ ಸಲ ಒಬ್ಬನೇ ಮಿಕ್ಸ್ ಮಾಡಿದ್ದು. ಅದರ ಮೂರನೇ ಸಾಲಿನ ಕೊನೆಗೆ ಉಕ್ಕಿನ ಕಡ್ಡಿಯನ್ನು ಮೆಲ್ಲಗೆ ತಟ್ಟಿದ ಸದ್ದು, ಟಿಣ್ ಎಂದು, ಒಂದೇ ಸಲ ಬರುತ್ತದೆ. ಅದು ಎಷ್ಟು ಹೊತ್ತು ಉಳಿಯುತ್ತದೆ, ಹೇಗೆ ಆರುತ್ತದೆ ಎನ್ನುವುದರಲ್ಲಿ ಹೆಡ್‌ಫೋನಿನ ಯೋಗ್ಯತೆ ತಿಳಿಯುತ್ತದೆ ಎಂದು ಹೇಳುತ್ತಿದ್ದ. ಆ ಟಿಣ್ ಬಂದಾಗ ಕಣ್ಣು ಮುಚ್ಚಿಕೊಂಡೇ ತೋರುಬೆರಳು ಎತ್ತುವುದು ಅವನ ಅಭ್ಯಾಸ.

ಮೊದಲನೆಯದು ತಲೆಯನ್ನು ಇಕ್ಕಳದಲ್ಲಿ ಹಿಡಿದ ಹಾಗೆ ಒತ್ತಿತು. ಟಿಣ್ ಬಂತು, ಬೆರಳು ಎದ್ದಿತು. ಎರಡನೆಯದು ಹೂವಿನಷ್ಟು ಹಗುರ, ಅದರಲ್ಲಿ ಎಲ್ಲ ಸದ್ದೂ ಮದುವೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡು ಬಂತು. ನನಗೆ ಅದೇ ಇಷ್ಟವಾಯಿತು.

"ಇದು ಮುಖಸ್ತುತಿ ಮಾಡುತ್ತೆ ಅತ್ತಿಗೆ. ಕೆಲಸಕ್ಕೆ ಕೆಟ್ಟದ್ದನ್ನ ಕೆಟ್ಟದ್ದು ಅಂತ ಹೇಳೋದು ಬೇಕು" ಎಂದ. ಅಂಗಡಿಯವಳು ಮೆಚ್ಚಿ ತಲೆದೂಗಿದಳು. ಮಾತಿನಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಎರಡು ಸಲವೂ ಅವನು ಹೆಡ್‌ಫೋನ್ ಇಳಿಸುವ ಮುಂಚೆ ನನ್ನ ಮುಖ ನೋಡಿದ್ದು ಮಾತ್ರ ನನಗೆ ಸರಿಕಾಣಲಿಲ್ಲ.

ಮೂರನೆಯದು ಬೆನ್ನಿಗೆ ಜಾಲರಿ ಇದ್ದದ್ದು. ಎಲ್ಲದಕ್ಕಿಂತ ದುಬಾರಿ. ಹಾಡು ಶುರುವಾಯಿತು, ಆದರೆ ದನಿ ಕಂಬಳಿಯೊಳಗಿಂದ ಬಂದ ಹಾಗಿತ್ತು. ನನ್ನದೇ ಕೆಟ್ಟಿರಬೇಕು ಎಂದುಕೊಂಡೆ. ಮೂರನೇ ಸಾಲು ಬಂತು, ಮುಗಿಯಿತು, ಟಿಣ್ ಬರಲಿಲ್ಲ. ಸುಳಿವೇ ಇಲ್ಲ. ಅವನ ಬೆರಳು ಎದ್ದಿತು. ಕಣ್ಣು ಮುಚ್ಚಿತ್ತು, ತುಟಿಯ ಮೇಲೆ ನಗು. ಆ ಸದ್ದು ಆರುವಷ್ಟು ಹೊತ್ತು ಬೆರಳನ್ನು ಗಾಳಿಯಲ್ಲೇ ಹಿಡಿದಿದ್ದು ನಿಧಾನಕ್ಕೆ ಇಳಿಸಿದ.

ಅಂಗಡಿಯವಳು ಯಂತ್ರದ ಕಡೆ ಬಗ್ಗಿದಳು. ತೆಳು ಸದ್ದನ್ನೆಲ್ಲ ತಗ್ಗಿಸುವ ಗುಂಡಿಯೊಂದಿದೆ ಅದರಲ್ಲಿ. ಹೆಡ್‌ಫೋನ್ ಬದಲಿಸುವಾಗ ಅವಳ ತೋಳು ತಾಗಿಯೋ ಏನೋ ಅದು ಪೂರ್ತಿ ಕೆಳಗಿಳಿದಿತ್ತು. ಅವಳು ಗುಂಡಿ ನೋಡಿದಳು, ಅವನ ಬೆರಳು ನೋಡಿದಳು, ನನ್ನನ್ನು ನೋಡಿದಳು. ಗುಂಡಿಯನ್ನು ಮೇಲಕ್ಕೆ ತಿರುಗಿಸಿದಳು. ನನ್ನ ಕಿವಿಯಲ್ಲಿ ಹಾಡು ಒಮ್ಮೆಲೇ ಬೆಳಗಿತು. ಅವನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

"ಇದೇ ಇರಲಿ" ಎಂದ.

ಮೆಟ್ಟಿಲಿಳಿಯುವಾಗ ನಾನು ಅವನಿಗಿಂತ ಎರಡು ಮೆಟ್ಟಿಲು ಮುಂದೆ ಹೋಗಿ, ತಿರುಗಿ ನಿಂತೆ, ತುಟಿ ಕಾಣಲಿ ಎಂದು.

"ಆ ಟಿಣ್ ಬರ್ಲೇ ಇಲ್ಲ ಕಣೋ. ಗುಂಡಿ ಇಳಿದಿತ್ತು. ನೀನು ನೆನಪಲ್ಲಿ ಬೆರಳೆತ್ತಿದೆ."

ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ನಿಂತ. ಕೋಪ ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ.

"ಎರಡು ವರ್ಷದಿಂದ ಗೊತ್ತು ಅತ್ತಿಗೆ. ನಿಮ್ಮನ್ನ ಯಾಕೆ ಕರ್ಕೊಂಡು ಬಂದೆ ಅಂದ್ಕೊಂಡ್ರಿ? ಅಣ್ಣನ್ನ ಎಂಟು ವರ್ಷ ಯಾರಿಗೂ ಗೊತ್ತಾಗದ ಹಾಗೆ ನಿಭಾಯಿಸಿದ್ರಿ. ನಂಗೆ ಈ ಒಂದು ವಾರ ದಾಟಿಸಿಕೊಡಿ."

ಡಾಕ್ಟರಿಗೆ ತೋರಿಸಿದೆಯಾ ಎಂದು ಕೇಳಿದೆ. ತೋರಿಸಿದ್ದನಂತೆ. ಹೋದದ್ದು ಬರುವುದಿಲ್ಲ, ಉಳಿದದ್ದು ಬೇಕಿದ್ದರೆ ಜೋರು ಸದ್ದಿನಿಂದ ದೂರವಿರಿ ಎಂದರಂತೆ. ಮೀನಿಗೆ ನೀರಿನಿಂದ ದೂರವಿರು ಅಂದ ಹಾಗೆ ಎಂದು ನಕ್ಕ. ಹೆಂಡತಿಗೂ ಹೇಳಿರಲಿಲ್ಲ.

ಸೋಮವಾರದಿಂದ ನಾನು ಸ್ಟುಡಿಯೋಕ್ಕೆ ಹೋದೆ. ಮನೆಯಲ್ಲಿ ಒಬ್ಬರೇ ಇರುತ್ತಾರೆ, ಬೇಜಾರು ಕಳೆಯಲಿ ಎಂದು ಮಾಲೀಕನಿಗೆ ಹೇಳಿದ್ದ. ಅವನ ಎದುರು ಸ್ಟೂಲಿನ ಮೇಲೆ, ಹಳೆಯ ಹೆಡ್‌ಫೋನ್ ಹಾಕಿಕೊಂಡು ನಾನು. ಸದ್ದು ಚುಚ್ಚಿದರೆ ಕನ್ನಡಕ ಮೇಲಕ್ಕೆ ಸರಿಸಬೇಕು, ಸಪ್ಪೆಯಾದರೆ ಮೊಣಕಾಲು ಒತ್ತಿಕೊಳ್ಳಬೇಕು, ಇದು ನಮ್ಮ ಸನ್ನೆ. ಹಳೆಯ ಕೈ ಹಳೆಯ ಕೆಲಸ ಮರೆತಿರಲಿಲ್ಲ. ಮೂರು ದಿನಕ್ಕೆ ಎರಡು ಹಾಡು ಮುಗಿದವು, ಮಾಲೀಕ ಬೆನ್ನು ತಟ್ಟಿದ. ನನಗೆ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಅವನು ಸದ್ದು ಏರಿಸುತ್ತಲೇ ಹೋದ. ಸೋಮವಾರ ಗುಂಡಿಯ ಗೆರೆ ಅರ್ಧದಲ್ಲಿತ್ತು, ಬುಧವಾರ ಮುಕ್ಕಾಲು ದಾಟಿತು. ನಾನು ಹೆಡ್‌ಫೋನನ್ನು ಕಿವಿಯಿಂದ ಒಂದು ಬೆರಳು ದೂರ ಹಿಡಿದುಕೊಂಡು ಕೂರುತ್ತಿದ್ದೆ, ಆದರೂ ಮನೆಗೆ ಹೋದರೆ ತಲೆಯೊಳಗೆ ಜೇನುಗೂಡು. ಸ್ವಲ್ಪ ಇಳಿಸೋ ಎಂದರೆ, ಇಳಿಸಿದರೆ ಏನೂ ಇಲ್ಲ ಅತ್ತಿಗೆ, ಖಾಲಿ ಎಂದ. ಗುರುವಾರ ಸಂಜೆ ರಸ್ತೆ ದಾಟುವಾಗ ಹಿಂದಿನಿಂದ ಕಾರೊಂದು ಒಂದೇ ಸಮನೆ ಹಾರ್ನ್ ಹಾಕಿತು. ಇವನು ನಡುರಸ್ತೆಯಲ್ಲಿ ನಿಂತು ಜೇಬಿನಲ್ಲಿ ಏನೋ ತಡಕುತ್ತಿದ್ದ. ಅಂಗಿ ಹಿಡಿದು ಎಳೆದೆ. ಅಂಗಿಯ ಹೊಲಿಗೆ ಕಿತ್ತುಬಂತು. ಯಾಕತ್ತಿಗೆ, ಹೊಸ ಅಂಗಿ ಎಂದ.

ಆ ಅಂಗಿಯ ಚೂರು ನನ್ನ ಮುಷ್ಟಿಯಲ್ಲೇ ಮನೆಗೆ ಬಂತು. ಒಬ್ಬನನ್ನು ಮುಚ್ಚಿಟ್ಟು ಮುಚ್ಚಿಟ್ಟು ಲಾರಿಗೆ ಕೊಟ್ಟೆ, ಇನ್ನೊಬ್ಬನನ್ನೂ ಕೊಡಲೇ?

ಶುಕ್ರವಾರ ಬೆಳಿಗ್ಗೆ ಗಾಯಕಿ ಬಂದಳು, ಜೊತೆಗೆ ಮಾಲೀಕನೂ. ನಾನು ಬರುವ ಮುಂಚೆ ಅವನೊಬ್ಬನೇ ಕೂತು ಮುಗಿಸಿದ್ದ ಕೊನೆಯ ಹಾಡನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿದರು. ಎರಡನೇ ಸಾಲಿಗೇ ನನ್ನ ಹಲ್ಲು ಜುಮ್ಮೆಂದಿತು, ಅಷ್ಟು ಚುಚ್ಚುತ್ತಿತ್ತು. ಗಾಯಕಿ ವಿನಯದ ಹುಡುಗಿ. ಹಾಡು ನಿಲ್ಲಿಸಿ ಮೆಲ್ಲಗೆ ಕೇಳಿದಳು: "ಇಲ್ಲಿ ನನ್ನ 'ಸ' ಸ್ವಲ್ಪ ಚುಚ್ತಾ ಇದೆ ಅನ್ಸುತ್ತೆ, ಅಲ್ವಾ ಸಾರ್?"

ಅವನು ನನ್ನ ಕಡೆ ನೋಡಿದ. ಬೆವರಿಗೆ ನನ್ನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ನಾನು ಕೈ ಎತ್ತಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ, ಅವು ತಾವಾಗಿಯೇ ಏಳದಿರಲಿ ಎಂದು.

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ನಿಶ್ಚಿಂತೆಯಿಂದ ಹುಡುಗಿಯ ಕಡೆ ತಿರುಗಿದ.

"ಇಲ್ಲಮ್ಮ. ಸರಿಯಾಗೇ ಇದೆ."

ಮಾಲೀಕ ಅದೇ ಸಾಲನ್ನು ಇನ್ನೊಮ್ಮೆ ಹಾಕಿದ. ಹುಡುಗಿ ಕಿವಿಗೆ ಕೈ ಅಡ್ಡ ಹಿಡಿದಳು. ಆಗ ಅವನಿಗೆ ಗೊತ್ತಾಯಿತು. ಹುಡುಗಿಯನ್ನು ಬಿಟ್ಟು ನನ್ನನ್ನೇ ನೋಡಿದ. ಮಾಲೀಕ ಬಂದು, ನೋವಾದೀತು ಎನ್ನುವ ಹಾಗೆ ಅವನ ಭುಜ ಮುಟ್ಟಿ, ಸಾಕು ಏಳಪ್ಪಾ ಎಂದ.

ಬಾಗಿಲ ಹತ್ತಿರ ನಿಂತು ಅವನು ಕೇಳಿದ್ದು ಒಂದೇ ಮಾತು. "ಅಣ್ಣನಿಗೆ ಹೀಗೆ ಮಾಡಿದ್ರಾ ಅತ್ತಿಗೆ?"

ಮಾಡಿದ್ದರೆ ಇವತ್ತು ಬದುಕಿರುತ್ತಿದ್ದರು ಎಂದೆ. ಅಷ್ಟರಲ್ಲಿ ಅವನು ಬೆನ್ನು ತಿರುಗಿಸಿದ್ದ. ತುಟಿ ಕಾಣದೆ ಆ ಮಾತು ಅವನಿಗೆ ತಲುಪಲಿಲ್ಲ. ಓಡಿ ಹೋಗಿ ಎದುರು ನಿಂತು ಹೇಳಬೇಕಿತ್ತು, ಹೋಗಲಿಲ್ಲ.

ಕೆಲಸ ಹೋಯಿತು. ಮಾಲೀಕ ಮರ್ಯಾದೆಯಿಂದಲೇ ಕಳಿಸಿದ, ಆ ಜಾಲರಿಯ ಹೆಡ್‌ಫೋನನ್ನು ನೀನೇ ಇಟ್ಟುಕೋ ಎಂದನಂತೆ. ಉಳಿದ ಕಿವಿಯಾದರೂ ಉಳಿಯುತ್ತದೆ, ಜೀವ ಉಳಿಯುತ್ತದೆ, ನನ್ನ ಮೇಲಿನ ಕೋಪ ಇಂದಲ್ಲ ನಾಳೆ ಇಳಿಯುತ್ತದೆ ಎಂದು ಲೆಕ್ಕ ಹಾಕಿ ಕೂತಿದ್ದೆ. ಮೂರು ವಾರ ಅವನು ಈ ಕಡೆ ತಲೆ ಹಾಕಲಿಲ್ಲ. ನಿನ್ನೆ ನನ್ನ ಓರಗಿತ್ತಿ ಫೋನ್ ಮಾಡಿದಳು. ಅಕ್ಕಾ, ಬೆಳಗಾದರೆ ಕೋಣೆ ಬಾಗಿಲು ಹಾಕಿಕೊಂಡುಬಿಡುತ್ತಾರೆ, ಊಟಕ್ಕೂ ಏಳುವುದಿಲ್ಲ, ನೀವೊಂದು ಸಲ ಬನ್ನಿ ಎಂದಳು.

ಇವತ್ತು ಹೋದೆ. ಬಾಗಿಲು ಮುಚ್ಚಿತ್ತು. ನಡುಮನೆಯಲ್ಲಿ ಅವಳು ಸೊಪ್ಪು ಬಿಡಿಸುತ್ತಾ ಕೂತಿದ್ದಳು, ಹಾಡು ಅಲ್ಲಿಗೇ ಕೇಳಿಸುತ್ತಿತ್ತು, ಒಂದೊಂದು ಅಕ್ಷರವೂ. ರೇಡಿಯೋ ಹಾಕಿದ್ದಾನಾ ಎಂದೆ. ಅಲ್ಲ ಅಕ್ಕಾ, ಹೆಡ್‌ಫೋನು, ಅದರ ಬೆನ್ನಿನ ಜಾಲರಿಯಿಂದ ಸದ್ದು ಹೊರಗೂ ಸೋರುತ್ತದಂತೆ ಎಂದಳು. ಮುಚ್ಚಿದ ಬಾಗಿಲು ದಾಟಿ ಇಷ್ಟು ಬರಬೇಕಾದರೆ ಒಳಗೆ ಕಿವಿಯ ಮೇಲೆ ಎಷ್ಟಿರಬೇಕು.

ಬಾಗಿಲು ತಟ್ಟಿದೆ. ಇಲಿಕಿವಿ ಎಂದು ಕೂಗಿದೆ. ಅವಳೂ ಬಂದು ನನ್ನ ಜೊತೆ ತಟ್ಟಿದಳು. ಹಾಡು ಮುಗಿಯಿತು, ಒಂದು ಗಳಿಗೆ ನಿಶ್ಶಬ್ದವಾಯಿತು. ಈಗ ಕೇಳಿಸೀತು ಎಂದು ಅಂಗೈ ಉರಿಯುವಷ್ಟು ಬಡಿದೆ. ಒಳಗೆ ಕುರ್ಚಿ ಅಲುಗಲಿಲ್ಲ. ಅದೇ ಹಾಡು ಮತ್ತೆ ಮೊದಲಿನಿಂದ ಶುರುವಾಯಿತು, ಮೊದಲಿಗಿಂತ ಜೋರಾಗಿ.