ಹಿತ್ತಲಲ್ಲಿ ಸಿಕ್ಕಿತೆಂದ ಜೇಡ

ತಕ್ಕಡಿಗೆ ಹಾಕಿದರೆ ನಲವತ್ತೈದು ಕೆಜಿ ದಾಟದ ಹೆಂಗಸು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದೆ, ಬೆರಳ ತುದಿಗಳು ಸ್ಪಿರಿಟ್ಟಿಗೆ ಬಿರಿದಿವೆ. ಸುಲಭದ ಗಿರಾಕಿ ಎಂದುಕೊಂಡ ವ್ಯಾಪಾರಿ ಕೈ ಸುಟ್ಟುಕೊಳ್ಳುತ್ತಾನೆ. ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಇಪ್ಪತ್ತೇಳು ವರ್ಷದಿಂದ ಜಿಗಿಯುವ ಜೇಡಗಳನ್ನು ವಿಂಗಡಿಸುವುದು ಆಕೆಯ ಕೆಲಸ. ಬೀದಿಗೆಲ್ಲ ಆಕೆ ಜೇಡದಕ್ಕ. ಆ ಕೋಣೆಗೆ ಗಾಜಿನ ಬಾಟಲಿ ಒದಗಿಸುವ ಅಂಗಡಿಯವನೇ ಇದನ್ನು ಬರೆಯುತ್ತಿರುವುದು.

ಆ ಬುಧವಾರ ವಸ್ತುಸಂಗ್ರಹಾಲಯದ ಸಾಹೇಬರು, ಯಾವ ಜೇಡ ಎಲ್ಲಿ ಸಿಕ್ಕಿತೆಂದು ಆಕೆ ಚುಕ್ಕೆಯಿಟ್ಟು ತೋರಿಸಿದ್ದ ಭೂಪಟವನ್ನು ಮೇಜಿನ ಮೇಲೆ ಎಸೆದರು.

"ಏನಮ್ಮ ಇದು? ಈ ಕುಲದ ಜೇಡ ಇರೋದು ಸಮುದ್ರದಾಚೆ. ನಿಮ್ಮ ನಕ್ಷೇಲಿ ನಮ್ಮೂರ ಹಿತ್ತಲಲ್ಲಿದೆ! ಈಜ್ಕೊಂಡು ಬಂತಾ?"

"ಕುಲ ತಪ್ಪಿಲ್ಲ ಸಾರ್."

"ಹಾಗಾದ್ರೆ ಜಾಗ ತಪ್ಪು. ಒಂದು ಚುಕ್ಕೆ ಸುಳ್ಳಾದ್ರೆ ಉಳಿದ ಎರಡು ಸಾವಿರ ಯಾರು ನಂಬ್ತಾರೆ? ಸಂಜೆಯೊಳಗೆ ಸಾಕ್ಷಿ ತನ್ನಿ. ಇಲ್ದಿದ್ರೆ ಇದು ಅಚ್ಚಿಗೆ ಹೋಗಲ್ಲ."

ಜೇಡದಕ್ಕನ ಮೈ ಉರಿಯಿತು. ಸಾಹೇಬರ ಮಾತು ಸರಿಯಿತ್ತಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಲೋಕದಲ್ಲಿ ಈ ಜಿಗಿಯುವ ಜೇಡಗಳು ಆರು ಸಾವಿರ ಜಾತಿಗೂ ಮಿಕ್ಕಿವೆ; ದಕ್ಷಿಣ ಧ್ರುವದ ಹಿಮಖಂಡ ಬಿಟ್ಟು ಎಲ್ಲ ಖಂಡಗಳಲ್ಲೂ ಇವೆ. ಎದುರಿಗೆ ನಾಲ್ಕು ಕಣ್ಣು, ನಡುವಿನೆರಡು ಲಾರಿ ದೀಪದ ಹಾಗೆ: ಇಷ್ಟು ಕಂಡರೆ ಮನೆತನ ಗೊತ್ತಾಯಿತು. ಕುಲ ಹಿಡಿಯುವುದು ಕಷ್ಟ. ಹಿಂದಿನವರು ದವಡೆಯ ಹಲ್ಲೆಣಿಸಿ ನಂಟಸ್ತನ ಕಟ್ಟುತ್ತಿದ್ದರು. ಹಲ್ಲು ಹೋಲಿದ ಮಾತ್ರಕ್ಕೆ ದಾಯಾದಿಗಳಲ್ಲ ಎಂದು ಆಮೇಲೆ ತಿಳಿಯಿತು. ಈಗ ಗಂಡಿನ ಬಾಯಿಪಕ್ಕದ ಪುಟ್ಟ ಕೈಯನ್ನೂ ವಂಶವಾಹಿಯನ್ನೂ ನೋಡುತ್ತಾರೆ. ದೊಡ್ಡ ದೊಡ್ಡ ಕುಲಗಳು ಖಂಡಗಳನ್ನು ಹಂಚಿಕೊಂಡು ಕೂತಿವೆ. ಕೆಲವು ಜಾತಿ ಮಾತ್ರ ಮನುಷ್ಯನ ಸರಕು ಹತ್ತಿ ಲೋಕ ಸುತ್ತಿವೆ.

ಸರಕು! ಆಕೆ ಆ ಜೇಡದ ಬಾಟಲಿ ಎತ್ತಿ ಒಳಗಿನ ಚೀಟಿ ಓದಿದಳು. ಎಲ್ಲಿ: ಬಾಟಲಿ ಗೋದಾಮಿನ ಹಿತ್ತಲು. ಯಾರು ಹಿಡಿದದ್ದು: ಬಾಟಲಿ ಅಂಗಡಿಯವರು. ಬೇರೆ ಯಾರೇ ತಂದಿದ್ದರೂ ಆಕೆ ಹೋಗಿ ಜಾಗ ನೋಡಿ ಬರುತ್ತಿದ್ದಳು. ಅಣ್ಣ ಎಂದು ಕರೆಯುವವನನ್ನು ನಂಬಿದ್ದಳು.

ಅಂಗಡಿಗೆ ನುಗ್ಗಿ ಬಾಟಲಿಯನ್ನು ಗಲ್ಲಾದ ಮೇಲೆ ಕುಕ್ಕಿದಳು.

"ಅಣ್ಣಾ, ಇದೆಲ್ಲಿ ಸಿಕ್ತು?"

"ಅವತ್ತೇ ಹೇಳಿದ್ನಲ್ಲಕ್ಕ, ಹಿತ್ತಲಲ್ಲಿ. ಕೂತ್ಕೊ, ಚಹಾ ತರಿಸ್ತೀನಿ."

"ಚಹಾ ನಿನ್ನ ತಲೆ ಮೇಲೆ ಹುಯ್ಕೊ! ಹಿತ್ತಲು ನೋಡ್ಕೊಂಡೇ ಬಂದೆ. ಬರೀ ಸಿಮೆಂಟು, ಒಂದು ನೊಣ ಇಲ್ಲ. ಇದು ತಿಂದಿದ್ದೇನು, ನಿನ್ನ ಸುಳ್ಳನ್ನಾ?"

ಅಂಗಡಿಯವನ ಕಣ್ಣು ಅವನ ಮಾತು ಕೇಳದೆ ಮೂಲೆಯ ಮರದ ಪೆಟ್ಟಿಗೆಗಳತ್ತ ಹೋಯಿತು. ಆಕೆಗೆ ಅಷ್ಟೇ ಸಾಕಾಯಿತು.

"ಗಾಜು ಹಡಗಲ್ಲಿ ಬರುತ್ತೆ, ಅಲ್ವಾ?"

"ಮೆಲ್ಲಗೆ ಮಾತಾಡಕ್ಕ! ಪೆಟ್ಟಿಗೇಲಿ ಹುಳ ಬಂತು ಅಂತ ತಪಾಸಣೆಯವರಿಗೆ ಗೊತ್ತಾದ್ರೆ ಗೋದಾಮಿಗೆ ಬೀಗ ಜಡೀತಾರೆ."

"ನಿಂದು ಗಾಜು, ತಿಂಗಳು ಕೂತ್ರೂ ಕೊಳೆಯಲ್ಲ. ನನ್ನ ಇಪ್ಪತ್ತೇಳು ವರ್ಷ ಇವತ್ತು ಸಂಜೆಗೇ ಕೊಳೆಯುತ್ತೆ!"

"ಹಳೇ ಚೀಟಿ ಹರಿದು ಬೇರೆ ಹಾಕಿಬಿಡು. ಯಾರಿಗೆ ಗೊತ್ತಾಗುತ್ತೆ?"

ಆಕೆ ಬಾಟಲಿಯನ್ನು ಅವನ ಕಣ್ಣ ಮುಂದೆ ಹಿಡಿದಳು.

"ಚೀಟಿ ತೆಗೆಯೋ ಪದ್ಧತಿ ನಮ್ಮಲ್ಲಿಲ್ಲ. ತಪ್ಪಿದ್ರೂ ಅದು ಒಳಗೇ ಇರುತ್ತೆ, ಸರಿಯಾದದ್ದು ಪಕ್ಕಕ್ಕೆ ಸೇರುತ್ತೆ. ನಿನ್ನ ಸುಳ್ಳು ನನ್ನ ಅಕ್ಷರದಲ್ಲಿ ನಾನು ಸತ್ತ ಮೇಲೂ ಇರುತ್ತೆ. ತಗೋ."

ಖಾಲಿ ಚೀಟಿಯನ್ನೂ ಮೋಟು ಪೆನ್ಸಿಲನ್ನೂ ಅವನ ಮುಂದಿಟ್ಟಳು.

"ಪೆನ್ನಲ್ಲಿ ಬರೀಬೇಡ, ಸ್ಪಿರಿಟ್ಟಲ್ಲಿ ತೊಳೆದುಹೋಗುತ್ತೆ. ನಿನಗೆ ಅಂಥದ್ದೇ ಇಷ್ಟ ಅಂತ ಗೊತ್ತು."

ತಿರುಗಿ ನೋಡದೆ ಹೋದಳು.

ಸಂಜೆ ಐದಕ್ಕೆ ಬಾಟಲಿ, ಚೀಟಿ ಎರಡೂ ಆಕೆಯ ಮೇಜಿಗೆ ಬಂದವು. ಹಡಗಿನ ಪೆಟ್ಟಿಗೆಯ ಹುಲ್ಲಿನೊಳಗೆ ಸಿಕ್ಕಿದ್ದು ಎಂದು ಬರೆದು ಅಂಗಡಿಯವನು ಸಹಿ ಹಾಕಿದ್ದ. ಆಕೆ ಅದನ್ನು ತನ್ನ ಚೀಟಿಯ ಪಕ್ಕಕ್ಕೆ ಇಳಿಬಿಟ್ಟು, ನಕ್ಷೆಯ ಒಂದು ಚುಕ್ಕೆ ಅಳಿಸಿ, ಉಳಿದದ್ದನ್ನು ಅಚ್ಚಿಗೆ ಕಳಿಸಿದಳು. ಆಮೇಲೆ ಅಂಗಡಿಯ ಮುಂದೆ ಹಾದರೂ ಒಳಗೆ ಕಾಲಿಟ್ಟಿಲ್ಲ. ಚೀಟಿಯ ಸುದ್ದಿ ತಪಾಸಣೆಯವರಿಗೂ ಮುಟ್ಟಿ ಗೋದಾಮಿಗೆ ಬೀಗ ಬಿದ್ದು ಮೂರು ವಾರಕ್ಕೆ ತೆರೆಯಿತು; ಗಾಜು ಕೊಳೆತಿರಲಿಲ್ಲ.

ಚೀಟಿಯಲ್ಲಿ ಮೂರೇ ಸಾಲು ಹಿಡಿಯುತ್ತದೆ. ತಪ್ಪಾಯಿತು ಎಂಬ ಮಾತಿಗೆ ಜಾಗ ಸಾಲಲಿಲ್ಲ. ಅದನ್ನು ಆಕೆಯ ಮುಖ ನೋಡಿ ಹೇಳುವುದು ಅಂಗಡಿಯವನಿಂದ ಇನ್ನೂ ಬಾಕಿಯಿದೆ.