ಸುಬ್ಬಲಕ್ಷ್ಮಿಯವರ ಸಂಪಿಗೆ, ಸ್ನೇಹಲ್‌ಳ ಗ್ರಿಲ್

ಮುಂಬೈಯ ಸಯನ್‌ನ ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿರುವ ಸುಬ್ಬಲಕ್ಷ್ಮಿಯವರು ಮಹಾ ದೈವಭಕ್ತೆ. ಮೈಸೂರಿನಿಂದ ಮದುವೆಯಾಗಿ ಬಂದಾಗಿನಿಂದ ಅವರ ದೇವರ ತಲೆಗೇರಿದ್ದೆಲ್ಲ ಬೇರೆಯವರ ಕಾಂಪೌಂಡಿನ ಹೂವು. ವಾಕಿಂಗ್ ಹೊರಟರೆ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಮಾಟುಂಗದವರೆಗೆ ಯಾವ ಗೇಟಿನಾಚೆ ದಾಸವಾಳ, ಯಾವ ಗೋಡೆಯ ಮೇಲೆ ಕಣಗಿಲೆ ಎಂಬುದು ಅವರಿಗೆ ಬಾಯಿಪಾಠ. ಯಾರಾದರೂ ಗದರಿದರೆ "ಭಗವಾನ್ ಕೇ ಲಿಯೇ ಹೈ ಜೀ" ಎಂದುಬಿಡುತ್ತಿದ್ದರು. ಭಗವಂತನ ಹೆಸರು ಬಂದ ಮೇಲೆ ಪೊಲೀಸರನ್ನು ಕರೆಯುವವರು ಯಾರು?

ಮಂಡಿನೋವು ಶುರುವಾಗಿ ವಾಕಿಂಗ್ ನಿಂತಿತು. ಆಗ ತಮ್ಮ ಕಿಟಕಿಯ ಪಕ್ಕ ಸಂಪಿಗೆಯ ಕಸಿ ಗಿಡ ನೆಡಿಸಿದರು. ಮರುವರ್ಷವೇ ಮೊಗ್ಗು ಬಂತು. ಅರಳಬೇಕಾದ ಬೆಳಿಗ್ಗೆ ನೋಡಿದರೆ ಬರೀ ತೊಟ್ಟು. ಇನ್ಯಾರೋ ದೈವಭಕ್ತರು ಇವರಿಗಿಂತ ಬೇಗ ಎದ್ದಿದ್ದರು.

"ಕಳ್ಳರು! ನಮ್ಮನೇದು ಅಂತ ಒಂದೇ ಒಂದು ಹೂವು ದೇವರಿಗೆ ಇಡೋಣ ಅಂದ್ರೆ ಬಿಡಲ್ವಲ್ಲಾ" ಎಂದು ಅತ್ತೇಬಿಟ್ಟರು. ಎದುರುಮನೆಯವಳಾದ ನಾನು ನಗು ನುಂಗಿಕೊಂಡೆ. ಆದರೆ ಆ ಕಣ್ಣೀರು ನಿಜವಾದದ್ದು.

ಗಂಡ ಕಿಟ್ಟು ಅಂಕಲ್ ಕೈಗೆ ಕತ್ತರಿ ಬಂತು. ಕಳ್ಳರಿಗೆ ಎಟುಕುವ ಕೊಂಬೆಯೇ ಗಿಡದಲ್ಲಿ ಇರಕೂಡದೆಂದು ಅಪ್ಪಣೆಯಾಗಿತ್ತು.

"ರೀ, ಅದೂ ತೆಗೀರಿ."

"ಎಳೇ ಗಿಡ ಕಣೇ. ಕೆಳಗೆ ನಾಲ್ಕು ಕೊಂಬೆ ಇದ್ರೆ ಕಾಂಡ ಗಟ್ಟಿಯಾಗತ್ತೆ."

"ನೀವು ಕಳ್ಳರ ಪಾರ್ಟೀನಾ?"

ಅಂಕಲ್ ತೆಗೆದರು. ಚಿಗುರು ಬಂದಾಗಲೆಲ್ಲ ತೆಗೆದರು. ಕೊನೆಗೆ ಗಿಡ ಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸಿದಂತೆ ಕಾಣತೊಡಗಿತು: ಕೆಳಗೆ ಬೋಳು ಕೋಲು, ತುದಿಯಲ್ಲಿ ಒಂದು ಹಿಡಿ ಎಲೆ. ಗಾಳಿ ಬೀಸಿದರೆ ದಾರಿಯಲ್ಲಿ ಹೋಗುವವರಿಗೆಲ್ಲ ಬಗ್ಗಿ ನಮಸ್ಕಾರ ಹಾಕುತ್ತಿತ್ತು. ಮುರಿದು ಬೀಳದಿರಲೆಂದು ಅದನ್ನು ಮೇಲಿನ ಮನೆಯ ಕಿಟಕಿಯಿಂದ ಪಂಜರದಂತೆ ಹೊರಚಾಚಿದ ಬಾಕ್ಸ್ ಗ್ರಿಲ್ಲಿಗೆ ಹಗ್ಗದಿಂದ ಕಟ್ಟಿದರು. ಅಲ್ಲಿರುವವಳು ಸ್ನೇಹಲ್, ಒಬ್ಬಳೇ ಇದ್ದು ಕೆಲಸಕ್ಕೆ ಹೋಗುವ ಹುಡುಗಿ. ಇಲ್ಲೇ ಹುಟ್ಟಿ ಬೆಳೆದದ್ದರಿಂದ ಕನ್ನಡ ಅರೆಬರೆ, ದಾಕ್ಷಿಣ್ಯ ಮಾತ್ರ ಜಾಸ್ತಿ. ತಕ್ಷಣ ಒಪ್ಪಿದಳು.

ಈ ವರ್ಷ ಸಂಪಿಗೆ ಮತ್ತೆ ಹೂ ಬಿಟ್ಟಿತು. ಸ್ನೇಹಲ್‌ಳ ಗ್ರಿಲ್ಲಿನೊಳಗೆ, ಒಣಹಾಕಿದ ಬಟ್ಟೆಗಳ ನಡುವೆ. ಕಳ್ಳರಿಗೆ ಎಟುಕದ ಹಾಗೆ ಬೆಳೆಸಿದ ಹೂವು ಒಡತಿಗೂ ಎಟುಕಲಿಲ್ಲ.

ಹಾಲಿನವನಿಗಿಂತ ಮೊದಲೇ ಸುಬ್ಬಲಕ್ಷ್ಮಿಯವರು ಮಂಡಿ ಹಿಡಿದುಕೊಂಡು ಮಹಡಿ ಹತ್ತಿ ಬೆಲ್ ಒತ್ತಿದರು. ಹೂವನ್ನು ಎರಡೂ ಕೈಯಲ್ಲಿ ಹಿಡಿದು ಇಳಿದು ಬಂದು, ದೇವರಿಗೆ ಏರಿಸಿ, ನನ್ನನ್ನು ಕರೆದು ತೋರಿಸಿದರು. ಅವರ ಮುಖ ನೋಡಿ ನನಗೂ ನಿಜಕ್ಕೂ ಸಂತೋಷವಾಯಿತು.

ಮರುದಿನವೂ ಅದೇ ಹೊತ್ತಿಗೆ ಬೆಲ್. ಅದರ ಮರುದಿನವೂ. ದೇವರಿಗೆ ಭಾನುವಾರದ ರಜೆ ಎಲ್ಲಿಯದು?

ಕೆಲವು ದಿನ ಸಹಿಸಿಕೊಂಡ ಸ್ನೇಹಲ್ ನಿದ್ದೆಗೆಟ್ಟ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಕೆಳಗೆ ಬಂದಳು.

"ಅಂಕಲ್, ಪ್ಲೀಸ್, ಆ ಸಂಪಿಗೆ ಝಾಡ್ ಮೇಲಿಂದ ಕಟ್ ಮಾಡಿ. ನೀಚೇನೇ ಹೂ ಬರ್ಲಿ. ನಾನು ಆಫೀಸಿಂದ ಲೇಟ್ ಬರ್ತೀನಿ, ನೀಂದ್ ಪೂರಾ ಆಗೋದೇ ಇಲ್ಲ."

ಅಂಕಲ್ ಉತ್ಸಾಹದಿಂದಲೇ ಎದ್ದರು. ಸುಬ್ಬಲಕ್ಷ್ಮಿಯವರು ಅಡ್ಡ ಬಂದರು.

"ಹೂ ಬಿಡೋ ಗಿಡದ ತಲೆ ಕಡೀತಾರಾ ಯಾರಾದ್ರೂ? ಪಾಪ ಬರತ್ತೆ!" ಆಮೇಲೆ ಸ್ನೇಹಲ್‌ಳ ಬೆನ್ನು ಸವರಿ, ತುಂಬು ಕನಿಕರದಿಂದ ಹೇಳಿದರು: "ನೀನ್ಯಾಕಮ್ಮ ಏಳ್ತೀಯಾ ಪಾಪ? ಮಲ್ಕೊಂಡಿರು. ಮನೇದು ಒಂದು ಚಾವಿ ನನ್ನ ಹತ್ರ ಕೊಟ್ಟಿರು."