ಒಂದೇ ಲ್ಯಾಪ್‌ಟಾಪಿನಲ್ಲಿ ಇಬ್ಬರು
ಗಲ್ಫಿನ ಕಂಪ್ಯೂಟರ್ ಅಂಗಡಿಯ ಕೆಲಸ ಹೋಗಿ ನನ್ನ ಗಂಡ ಬೋಳಾರದ ಮನೆಗೆ ಮರಳಿದಾಗ ನಮ್ಮಲ್ಲಿದ್ದದ್ದು ಒಂದೇ ಲ್ಯಾಪ್‌ಟಾಪ್. ಅದರಲ್ಲಿ ನಾನು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ನನ್ನ ಪಾಠಕ್ಕೆ ವಿಂಡೋಸ್ ಬೇಕು. ಅವರು ಹೊಸದಾಗಿ ಕಲಿಯಲು ಹೊರಟಿದ್ದ, ಕಂಪೆನಿಗಳ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಲಿನಕ್ಸ್ ಎಂಬ ಬೇರೆಯೇ ವ್ಯವಸ್ಥೆ ಬೇಕು.

“ಹಾರ್ಡ್‌ಡಿಸ್ಕನ್ನು ಎರಡು ಪಾಲು ಮಾಡಿದ್ರೆ ಆಯ್ತು. ಆನ್ ಮಾಡುವಾಗ ಬೇಕಾದ್ದನ್ನು ಆರಿಸಬಹುದು. ನಿನ್ನದಕ್ಕೆ ಎಂತದೂ ಆಗ್ಲಿಕ್ಕಿಲ್ಲ,” ಎಂದರು.

ನನ್ನ ಟಿಪ್ಪಣಿಗಳನ್ನು ಅವರೇ ಪೆನ್‌ಡ್ರೈವಿಗೆ ಹಾಕಿದರು. ಪಾಠದ ರೆಕಾರ್ಡಿಂಗುಗಳಿಗೆ ಅದರಲ್ಲಿ ಜಾಗ ಸಾಲಲಿಲ್ಲ.

ಭಾನುವಾರ ಮಧ್ಯಾಹ್ನ ವಿಂಡೋಸಿನ ಪಾಲನ್ನು ಕಿರಿದು ಮಾಡುವ ಕೆಲಸ ಅರ್ಧಕ್ಕೆ ಬಂದಿತ್ತು. ಆಗ ಕರೆಂಟ್ ಹೋಯಿತು. ಬ್ಯಾಟರಿ ಸತ್ತು ವರ್ಷವೇ ಆಗಿತ್ತು, ಪರದೆ ಕಪ್ಪಾಯಿತು.

“ಎಂತ ಆಯ್ತು ಮಗಾ?” ಅಡುಗೆಮನೆಯಿಂದ ಅತ್ತೆ ಕೇಳಿದರು.

ಕರೆಂಟ್ ಬಂದ ಮೇಲೂ ವಿಂಡೋಸ್ ತೆರೆಯಲಿಲ್ಲ. ಸಂಜೆ ನಾನು ಫೋನಿನಲ್ಲೇ ಪಾಠ ಮಾಡಿದೆ. ಪಕ್ಕದ ಕೋಣೆಯಲ್ಲಿ ಗಂಡ ಮತ್ತೆ ಮತ್ತೆ ಬಟನ್ ಒತ್ತುವುದು ಕೇಳುತ್ತಿತ್ತು. ನನಗೆ ಸಿಟ್ಟು ಬಂದಿತ್ತು, ಆದರೆ ಆ ಮುಖ ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ.

“ಇಷ್ಟು ವರ್ಷ ಇದನ್ನೇ ಮಾರಿದ್ದೇನೆ. ಒಳಗಿನದ್ದು ನನಗೆ ಬರುವುದಿಲ್ಲ ಅಂತ ಕಾಣ್ತದೆ,” ಎಂದರು.

ರಿಪೇರಿ ಅಂಗಡಿಯವನು ಕೆಲವು ರೆಕಾರ್ಡಿಂಗುಗಳನ್ನು ಎತ್ತಿಕೊಟ್ಟ. ಹೆಚ್ಚಿನವು ಓಡಲಿಲ್ಲ. ಇವರು ವಿಂಡೋಸ್ ಹೊಸದಾಗಿ ಹಾಕಿ, ಟಿಪ್ಪಣಿಗಳನ್ನು ತುಂಬಿಸಿ, ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟರು.

“ಇದು ನಿನಗೇ ಇರಲಿ. ಬೈಕಂಪಾಡಿಯ ಗೋದಾಮಿನಲ್ಲಿ ಕೆಲಸ ಉಂಟಂತೆ.”

“ಕೆಲಸಕ್ಕೆ ಹೋಗಿ. ಲಿನಕ್ಸೂ ಹಾಕಿ. ಬಜಪೆಯಲ್ಲಿ ನನ್ನ ತಮ್ಮನ ಮನೆಯಲ್ಲಿ ಇನ್ವರ್ಟರ್ ಉಂಟು,” ಎಂದೆ.

“ಪುನಃ ಎಲ್ಲ ಹೋದ್ರೆ?”

“ಹೋದ್ರೆ ನಾನು ಫೋನಿನಲ್ಲಿ ಪಾಠ ಮಾಡ್ತೇನೆ.”

ಅವರು ಒಪ್ಪಲು ಬಹಳ ದಿನ ಹಿಡಿಯಿತು. ತಮ್ಮನ ಮನೆಯಲ್ಲಿ, ಡಿಸ್ಕನ್ನು ಪಾಲು ಮಾಡಲು ಒಪ್ಪಿಗೆ ಕೇಳುವ ಜಾಗಕ್ಕೆ ಬಂದಾಗ ಕೈ ಹಿಂದೆಗೆದುಕೊಂಡರು.

“ನೀನೇ ಒತ್ತು.”

ಒತ್ತಿದೆ. ಕೆಲಸ ಮುಗಿದು ಪರದೆಯ ಮೇಲೆ ವಿಂಡೋಸ್, ಲಿನಕ್ಸ್ ಎರಡೂ ಹೆಸರು ಬಂದವು. ಇಬ್ಬರೂ ನಗಲಿಲ್ಲ. ಅವರು ಬೆವರು ಒರೆಸಿಕೊಂಡು ನೀರು ಕೇಳಿದರು.

ಈಗ ಗೋದಾಮಿನಿಂದ ಬಂದು ಕೆಲವು ದಿನ ಕಲಿಯುತ್ತಾರೆ, ಕೆಲವು ದಿನ ಕುಳಿತಲ್ಲೇ ನಿದ್ದೆ ಹೋಗುತ್ತಾರೆ. ಬೇರೆ ಕೆಲಸ ಸಿಗಬಹುದೇ ಎಂದು ನಾನು ಕೇಳುವುದಿಲ್ಲ. ಅವರೂ ಆ ಮಾತು ಎತ್ತುವುದಿಲ್ಲ.